ಗೋಡೆಯಿಂದ ಇಳಿದ ಜೋಡಿ

ಗೋಡೆ ಬರಿದಾಗಿತ್ತು.

ವರ್ಕ್‌ಶಾಪಿನ ದೀಪ ಹಾಕಿದ ಟೂರುನ್ ಸ್ವಿಚ್ಚಿನ ಮೇಲಿನ ಕೈ ತೆಗೆಯದೆ ಹಾಗೇ ನಿಂತುಬಿಟ್ಟಳು. ಎರಡು ಮರದ ಗೂಟಗಳಿದ್ದವು. ಎರಡು ವರ್ಷದಿಂದ ಅವುಗಳ ಮೇಲೆ ಮಲಗಿದ್ದ, ಹಿಮದ ಮೇಲೆ ಜಾರುವ ಮರದ ಸ್ಕೀ ಜೋಡಿ ಇರಲಿಲ್ಲ. ಅವಳ ಗಂಡ ಸ್ವೈನುಂಗ್ ಕೈಯಾರೆ ಮಾಡಿದ ಕೊನೆಯ ಜೋಡಿ. ಅದನ್ನು ಮುಗಿಸಿದ ವಾರವೇ, ಕಾಡಿನಲ್ಲಿ ಮರ ಕಡಿಯುತ್ತಿದ್ದವನ ಎದೆಬಡಿತ ನಿಂತುಹೋಗಿತ್ತು.

“ಆಸ್ಲಾಕ್! ನೀನು ತೆಗೆದಿಟ್ಟೆಯಾ?”

ಹಿಂದೆಯೇ ಬಂದ ಪಾಲುದಾರ ಆಸ್ಲಾಕ್ ಟೋಪಿಯ ಹಿಮ ಕೊಡವುತ್ತಿದ್ದವನು ತಲೆಯೆತ್ತಿದ. ಬಾಯಿ ತೆರೆದೇ ಇತ್ತು.

“ನಾನ್ಯಾಕೆ ತೆಗೀಲಿ? ಹತ್ತು ಗಂಟೆಗೆ ಗರಗಸ ಹಿಡಿಯೋನೇ ನಾನು. ಏಳೂವರೆಗೆ ಕದ್ದು ಏನು ಮಾಡ್ಲಿ?”

ಗರಗಸ! ಆ ಮಾತಿಗೆ ಟೂರುನ್ ಮತ್ತೆ ಬರಿ ಗೂಟಗಳತ್ತ ತಿರುಗಿದಳು.

ವಿಷಯ ಇಷ್ಟೇ. ಕಣಿವೆಯ ಮುಚ್ಚಿದ ಹಾಲಿನ ಡೇರಿಯಲ್ಲಿ ಈ ಮೂವರೂ ಸೇರಿ ಸ್ಕೀ ವರ್ಕ್‌ಶಾಪ್ ತೆರೆದಿದ್ದರು. ಮರ ಆರಿಸುವವನು, ಕೆತ್ತುವವನು, ಬಾಗಿಸುವವನು ಎಲ್ಲವೂ ಸ್ವೈನುಂಗ್. ಪುಣ್ಯಾತ್ಮ ಕಾಗದದ ಮೇಲೆ ಒಂದು ಗೆರೆ ಎಳೆದವನಲ್ಲ. ಅವನು ಹೋದಮೇಲೆ ಉಳಿದಿಬ್ಬರು ಗೋಡೆಯ ಜೋಡಿಯ ಹೊರ ಅಳತೆ ತೆಗೆದು, ಉದ್ದವೊಂದನ್ನೇ ಹೆಚ್ಚಿಸಿ, ನಡುವೆ ಕಮಾನಿನಂತೆ ಮೇಲೆದ್ದ ಬಾಗನ್ನು ಹಾಗೆಯೇ ಉಳಿಸಿ ಹದಿನಾಲ್ಕು ಜೊತೆ ಮಾಡಿದರು. ಹದಿನಾಲ್ಕೂ ಕೆಟ್ಟವು. ಗಂಡಸೊಬ್ಬ ಹತ್ತಿ ನಿಂತರೆ ಸಾಕು, ನಡುವಿನ ಬಾಗು ಹಿಮಕ್ಕೆ ಅಂಟಿಕೊಂಡು ಸ್ಕೀ ಜಾರುವುದನ್ನೇ ಮರೆಯುತ್ತಿತ್ತು. ಮೂವತ್ತು ಜೊತೆ ಕೇಳಿದ್ದ ಪರ್ವತ ರಕ್ಷಣಾ ದಳದವರು ಮೊದಲ ಜೊತೆಯನ್ನೇ ವಾಪಸು ತಂದಿಟ್ಟು, “ಇದು ಸ್ಕೀ ಅಲ್ಲ, ಹಲಗೆ,” ಎಂದಿದ್ದರು. ಗುಟ್ಟು ಒಳಪದರಗಳಲ್ಲೇ ಇದೆ, ಗೋಡೆಯ ಜೋಡಿಯಲ್ಲಿ ಒಂದನ್ನು ಅಡ್ಡಡ್ಡ ಏಳು ತುಂಡು ಕೊಯ್ದು ನೋಡೋಣ ಎಂದ ಆಸ್ಲಾಕ್. ಅದುವರೆಗೆ ಆ ಜೋಡಿಯ ಕಟ್ಟು ಬಿಚ್ಚಲೂ ಬಿಡದಿದ್ದ ಟೂರುನ್ ಮೂರು ದಿನ ಅತ್ತು, ಕೊನೆಗೆ ಹೂಂ ಎಂದಿದ್ದಳು.

ಕೊಯ್ದರೆ ಒಂದಾದರೂ ಉಳಿಯುತ್ತಿತ್ತು. ಈಗ ಎರಡೂ ಇಲ್ಲ.

ಫೋನ್ ಮಾಡಿದ ಕಾಲು ಗಂಟೆಯಲ್ಲಿ ಹಾಲ್ವರ್ ಬಂದ. ಕಣಿವೆಯ ಪೊಲೀಸ್ ಅಧಿಕಾರಿಯಾಗಿದ್ದು ನಿವೃತ್ತನಾದ ಅರವತ್ತೆಂಟರ ಮನುಷ್ಯ. ಬಂದವನೇ ಮೊದಲು ಕಾಫಿ ಕೇಳಿದ.

“ಕಳ್ಳತನ ಆಗಿದೆ ಅಂದ್ರೆ ಕಾಫಿ ಅಂತೀರಲ್ಲ!” ಟೂರುನ್ ರೇಗಿದಳು.

“ಕಾಫಿ ಇಲ್ಲದೆ ನನಗೆ ಕಣ್ಣು ಬಿಡೋಕಾಗಲ್ಲ ಕಣಮ್ಮ. ಕದ್ದೋನು ಎಲ್ಲಿ ಹೋಗ್ತಾನೆ? ಸುತ್ತ ಬೆಟ್ಟ. ಬಾಗಿಲು ಒಡೆದಿದ್ರಾ?”

“ಇಲ್ಲ. ಸೂರಿನ ಕೆಳಗಿನ ಮೊಳೆಗೆ ಬೀಗದಕೈ ಇರುತ್ತಲ್ಲ.”

“ಅದು ಇಡೀ ಕಣಿವೆಗೇ ಗೊತ್ತು. ಕೊನೇ ಸಲ ನೋಡಿದ್ದು ಯಾವಾಗ?”

“ನಿನ್ನೆ ಐದಕ್ಕೆ, ಬೀಗ ಹಾಕುವಾಗ. ಹೊರಗೆ ಹೆಜ್ಜೆ ಗುರುತೂ ಸಿಗಲ್ಲ. ಆಗಿಂದ ಈಗ ನಾವು ಬರೋವರೆಗೂ ಹಿಮ ಸುರೀತಾನೇ ಇತ್ತು.”

“ಕೊಯ್ಯೋ ಸಂಗತಿ ಯಾರ್ಯಾರಿಗೆ ಗೊತ್ತು?”

“ನಿನ್ನೆ ಕಾಫಿಗೆ ಕೂತಿದ್ದೋರಿಗೆ. ನಾನು, ಆಸ್ಲಾಕ್, ಹೋಟೆಲಿನ ಪ್ರೆಬೆನ್, ಮತ್ತೆ ನಮ್ಮತ್ತೆ.”

“ಪ್ರೆಬೆನ್ ಏನಂದ?”

“ಕೊಯ್ಯೋದು ಪಾಪ, ನನಗೆ ಕೊಡಿ, ಹೋಟೆಲಿನ ಬೆಂಕಿಗೂಡಿನ ಮೇಲೆ ತೂಗುಹಾಕ್ತೀನಿ ಅಂದ. ಅವನೇ ಹಾಲ್ವರ್, ಬೇರೆ ಯಾರೂ ಅಲ್ಲ! ಮೂರು ಸಲ ಕೇಳಿದ್ದಾನೆ.”

“ದಾಗ್ನಿ ಏನಂದರು?”

“ಅತ್ತೆನಾ? ಏನೂ ಅನ್ಲಿಲ್ಲ. ದಿನಾ ಮಾಡೋ ಹಾಗೆ ಎಲ್ಲರ ಕಪ್ಪು ತೊಳೆದಿಟ್ಟು ಹೋದರು.”

ಹಾಲ್ವರ್ ಆಸ್ಲಾಕ್‌ನತ್ತ ತಿರುಗಿದ. “ನೀನು ಹೇಳಪ್ಪ. ಸ್ನೇಹಿತ ಮಾಡಿದ್ದನ್ನ ಕೊಯ್ಯೋಕೆ ಕೈ ಬರುತ್ತಾ ನಿಂಗೆ?”

ಆಸ್ಲಾಕ್ ಕೆಂಪಾದ. “ಬರಲ್ಲ. ರಾತ್ರಿಯೆಲ್ಲಾ ನಿದ್ದೆ ಇಲ್ಲ. ಆದ್ರೆ ಕೊಯ್ಯದಿದ್ರೆ ವರ್ಕ್‌ಶಾಪ್ ಮುಚ್ಚಬೇಕು. ಅವನು ಕಟ್ಟಿದ್ದು ಇದೂ ತಾನೇ? ಯಾವುದನ್ನ ಉಳಿಸ್ಲಿ, ನೀವೇ ಹೇಳಿ!”

ಹಾಲ್ವರ್ ಕೆಲಸದ ಮೇಜಿನ ಹತ್ತಿರ ಬಗ್ಗಿದ. ಅಲ್ಲಿ ಎರಡು ಚರ್ಮದ ಪಟ್ಟಿಗಳು ಸುರುಳಿ ಸುತ್ತಿ ಕೂತಿದ್ದವು. ಪಕ್ಕದಲ್ಲಿ ಒಂದು ಮರದ ತುಂಡು.

“ಇದು ಆ ಜೋಡಿದೇ?”

“ಹೌದು,” ಎಂದಳು ಟೂರುನ್. “ಬಾಗು ಕೆಡದ ಹಾಗೆ ಎರಡರ ಅಡಿಭಾಗಕ್ಕೆ ಅಡಿಭಾಗ ಸೇರಿಸಿ, ನಡುವೆ ಆ ತುಂಡು ಸಿಕ್ಕಿಸಿ, ಪಟ್ಟಿ ಬಿಗಿದಿಡ್ತೀವಿ.”

“ಅಲ್ಲಾ, ಕಟ್ಟಿದ ಹೊರೆ ಹೊರೋದು ಸುಲಭವೋ, ಬಿಚ್ಚಿದ್ದು ಸುಲಭವೋ?”

“ಕಟ್ಟಿದ್ದು.”

“ಪ್ರೆಬೆನ್ ಕಾರಿನಲ್ಲಿ ಬರ್ತಾನೆ. ಕಟ್ಟಿದ ಹಾಗೇ ಎತ್ತಿ ಒಳಗೆ ಎಸೀತಿದ್ದ. ಬಿಚ್ಚಿದೋರು ಯಾಕೆ ಬಿಚ್ಚಿದರು? ಸ್ಕೀನ ಬಿಚ್ಚೋದು ಒಂದೇ ಕಾರಣಕ್ಕೆ.”

ಟೂರುನ್ ಒಂದು ಪಟ್ಟಿಯನ್ನು ಕೈಗೆತ್ತಿಕೊಂಡಳು. “ಕಾಲಿಗೆ ಕಟ್ಕೊಂಡು ಹೋಗಿದ್ದಾರಾ?”

“ಬಾ ಹೊರಗೆ.”

ಹೋಗುವ ಮುಂಚೆ ಹಾಲ್ವರ್ ಮೇಜಿನ ಮೇಲಿದ್ದ ಡಾಂಬರಿನ ಡಬ್ಬಿಯೊಂದನ್ನು ಜೇಬಿಗೆ ಹಾಕಿಕೊಂಡ. ಸ್ಕೀಯ ಅಡಿಭಾಗಕ್ಕೆ ಬಳಿಯಲು ವರ್ಕ್‌ಶಾಪಿನವರೇ ಕುದಿಸಿ ಮಾರುವ ಮರದ ಡಾಂಬರು ಅದು.

ಹೊರಗೆ ಉತ್ತರದ ಗೋಡೆಗೆ ಸ್ಕೀಗಳ ಸಾಲೇ ಒರಗಿತ್ತು. ರಿಪೇರಿಗೆ ಬಂದವು, ಪರೀಕ್ಷೆಗೆ ಇಟ್ಟವು, ಯಾರೋ ಮರೆತು ಹೋದವು. ಬೆಚ್ಚಗಿನ ಒಳಕ್ಕೆ ತಂದರೆ ಹಿಮ ಕರಗಿ ಮತ್ತೆ ಗಟ್ಟಿ ಕೂರುತ್ತದೆಂದು ಬಂದವರೆಲ್ಲ ಅಲ್ಲೇ ನಿಲ್ಲಿಸುತ್ತಿದ್ದರು. ಅವನ್ನು ಎಣಿಸುವ ಪುರುಸೊತ್ತು ಯಾರಿಗಿತ್ತು?

“ತುದಿಗಳನ್ನ ನೋಡು,” ಎಂದ ಹಾಲ್ವರ್. “ಎಂಟು ಜೊತೆ ಮೇಲೆ ಒಂದು ಗೇಣು ಹಿಮ. ಈ ಒಂಬತ್ತನೇದರ ಮೇಲೆ ಎರಡೇ ಬೆರಳು. ಅಂದ್ರೆ ಇದನ್ನ ಇಲ್ಲಿಟ್ಟಿದ್ದು ಇವತ್ತು ಬೆಳಿಗ್ಗೆ, ನೀವು ಬರೋದಕ್ಕೆ ಒಂದೆರಡು ಗಂಟೆ ಮುಂಚೆ. ಬರುವಾಗ ಇದರ ಮೇಲೆ ಬಂದರು, ಹೋಗುವಾಗ ಗೋಡೆಯ ಜೋಡಿ ಮೇಲೆ ಹೋದರು. ಇರೋದು ಎರಡು ಕಾಲು. ಎರಡು ಜೊತೆ ಒಟ್ಟಿಗೆ ಕಟ್ಟೋಕಾಗುತ್ತಾ? ಹಳೇದನ್ನ ಇಲ್ಲಿ ಒರಗಿಸಿದರು. ಈ ಕಣಿವೆ ಜನರ ಕೈ ತಾನಾಗೇ ಅದನ್ನ ಮಾಡಿಬಿಡುತ್ತೆ. ಯಾರದು ಇದು?”

ಕಂದು ಬಣ್ಣದ, ಸವೆದ, ಗಿಡ್ಡ ಸ್ಕೀ. ಬೂಟಿನ ಕಟ್ಟಿಗೆ ಕೆಂಪು ಉಣ್ಣೆಯ ದಾರ ಸುತ್ತಿತ್ತು. ಟೂರುನ್ ಅದನ್ನು ದಿನಾ ಮಧ್ಯಾಹ್ನ ಇದೇ ಜಾಗದಲ್ಲಿ ನೋಡುತ್ತಿದ್ದಳು. ಅದಕ್ಕೇ ಈ ಬೆಳಿಗ್ಗೆ ಅದು ಕಣ್ಣಿಗೆ ಬಿದ್ದಿರಲಿಲ್ಲ.

“ನಮ್ಮತ್ತೆದು,” ಎಂದಳು.

ದಾಗ್ನಿಯ ಮನೆ ಏರಿನ ಮೇಲೆ. ಹಾಲ್ವರ್‌ನ ಹಳೆಯ ಕಾರು ಗೊಣಗುತ್ತಾ ಹತ್ತಿತು. ಅಡಿಗೆಮನೆಯ ಬಾಗಿಲು ತೆರೆದೇ ಇತ್ತು. ಒಳಗೆ, ಒಲೆಯಿಂದ ದೂರದ ಗೋಡೆಗೆ ಆ ಜೋಡಿ ಒರಗಿತ್ತು. ದಾಗ್ನಿ ಬಟ್ಟೆಯಲ್ಲಿ ಅದರ ನೀರು ಒರೆಸುತ್ತಿದ್ದಳು.

“ಬಂದ್ರಾ?” ಎಂದಳು, ತಿರುಗದೆ. “ಕಾಫಿ ಇದೆ.”

“ಅತ್ತೆ, ಯಾಕೆ ಹೀಗ್ ಮಾಡಿದ್ರಿ? ನನ್ನ ಜೀವ ಬಾಯಿಗೆ ಬಂದಿತ್ತು! ಬೇಡ ಅಂತ ನಿನ್ನೆ ಒಂದು ಮಾತು ಹೇಳ್ಬಾರದಿತ್ತಾ?”

“ಹೇಳಿದ್ರೆ ಯಾಕೆ ಅಂತ ಕೇಳ್ತಿದ್ದೆ.”

“ಯಾಕೆ?”

ದಾಗ್ನಿ ಮತ್ತೆ ಒರೆಸತೊಡಗಿದಳು. ಹಾಲ್ವರ್ ಜೇಬಿನಿಂದ ಡಾಂಬರಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಚೀಟಿಯ ಮೇಲೆ ಫೋಟೋ ಇತ್ತು. ಸ್ವೈನುಂಗ್ ನಗುತ್ತಾ, ಈ ಜೋಡಿಯನ್ನೇ ಪಕ್ಕದಲ್ಲಿ ನೆಟ್ಟಗೆ ಹಿಡಿದು ನಿಂತಿದ್ದ.

“ಎರಡು ವರ್ಷದಿಂದ ಎಷ್ಟು ಡಬ್ಬಿಗೆ ಈ ಚೀಟಿ ಅಂಟಿಸಿದ್ದೀಯ, ಟೂರುನ್?”

“ಲೆಕ್ಕ ಇಲ್ಲ.”

“ಏನು ಕಾಣುತ್ತೆ?”

“ಅವನು.”

“ಅದೇ ಆಗಿದ್ದು. ನೀವೆಲ್ಲ ಅವನ ಮುಖ ನೋಡಿದ್ರಿ. ಸ್ಕೀ ನೋಡಮ್ಮ. ನಮ್ಮಲ್ಲಿ ಸ್ಕೀ ಅಳೆಯೋದು ಹೇಗೆ? ಕೈ ಮೇಲಕ್ಕೆತ್ತಿದ್ರೆ ತುದಿ ಮಣಿಕಟ್ಟಿಗೆ ಮುಟ್ಟಬೇಕು. ಇಲ್ಲಿ ತುದಿ ಅವನ ಟೋಪಿಯಿಂದ ನಾಲ್ಕು ಬೆರಳು ಮೇಲಿದೆ, ಅಷ್ಟೇ. ಕಣಿವೆಯಲ್ಲೇ ಎತ್ತರದ ಆಸಾಮಿ ತನಗೆ ಇಷ್ಟು ಗಿಡ್ಡದ್ದು ಮಾಡ್ಕೊತಾನಾ?”

“ಕಾಡಲ್ಲಿ ಓಡಾಡೋಕೆ ಗಿಡ್ಡ ಮಾಡಿದ್ದಾನೆ ಅಂತ ಆಸ್ಲಾಕ್ ಹೇಳ್ತಿದ್ದ. ನಾನೂ ಹಾಗೇ…”

“ಇದು ಅವನ ಸ್ಕೀ ಅಲ್ಲ. ಇನ್ಯಾರಿಗೋ ಮಾಡಿದ್ದು. ಯಾರಿಗೆ ಅಂತ ದಾಗ್ನಿಗೆ ಗೊತ್ತು. ಹೌದಲ್ವಾ?”

ಟೂರುನ್ ಅತ್ತೆಯ ಕಡೆ ನೋಡಿದಳು. “ನಿಮಗಾ? ನಿಮಗೆ ಅಂತ ಮಾಡಿದ್ದನಾ?”

“ನಾನೂ ಹಾಗೇ ಆಸೆಪಟ್ಟೆ ಕಣೇ,” ಎಂದಳು ದಾಗ್ನಿ. ಬಟ್ಟೆಯನ್ನು ಮಡಿಚಿದಳು, ಬಿಡಿಸಿದಳು, ಮತ್ತೆ ಮಡಿಚಿದಳು. “ಊರಿಗೆಲ್ಲಾ ಮಾಡಿಕೊಟ್ಟ ಮಗ, ನನಗೆ ಮಾತ್ರ ಮುಂದಿನ ವರ್ಷ ಅಂತಿದ್ದ. ಇವತ್ತು ಕಟ್ಕೊಂಡು ಬಂದೆನಲ್ಲ, ನನ್ನ ತೂಕಕ್ಕೆ ಇದು ಬಗ್ಗಲೇ ಇಲ್ಲ. ನಡು ಹಿಮಕ್ಕೆ ತಾಗಿದ್ರೆ ತಾನೇ ಹಿಡಿತ ಸಿಗೋದು? ಏರಿನುದ್ದಕ್ಕೂ ಹಿಂದೆ ಹಿಂದೆ ಜಾರ್ತಾ, ದಾರಿಯುದ್ದಕ್ಕೂ ಅತ್ಕೊಂಡು ಬಂದೆ. ಇದು ನಿನ್ನದು. ನಿನ್ನ ಹುಟ್ಟುಹಬ್ಬಕ್ಕೆ. ಯಾರಿಗೂ ಹೇಳ್ಬೇಡ ಅಮ್ಮಾ ಅಂದಿದ್ದ.”

ಟೂರುನ್‌ಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು.

“ಎರಡು ವರ್ಷ! ಎರಡು ವರ್ಷ ದಿನಾ ಬಂದು ಕಪ್ಪು ತೊಳೆದ್ರಿ. ನಾನು ಆ ಗೋಡೆ ನೋಡ್ಕೊಂಡು ಕೂತಿರೋದನ್ನ ಕಂಡ್ರಿ. ಒಂದು ಮಾತು… ಒಂದೇ ಒಂದು ಮಾತು ಹೇಳ್ಲಿಲ್ಲವಲ್ಲ ಅತ್ತೆ!”

“ನೀನು ಸಮುದ್ರದ ಕಡೆಯವಳು. ನಿನ್ನದು ಅಂತ ಗೊತ್ತಾದ್ರೆ ಅದನ್ನ ಕಟ್ಕೊಂಡು ನಿಮ್ಮೂರಿಗೆ ಹೋಗಿಬಿಡ್ತೀಯ ಅಂತ ಹೆದರಿದೆ. ಗೋಡೆ ಮೇಲಿದ್ರೆ ನೀನೂ ಇರ್ತೀಯ, ಅದೂ ಇರುತ್ತೆ, ದಿನಾ ಬಂದು ನೋಡಬಹುದು. ನನ್ನದು ತಪ್ಪು. ಬೈಯಿ. ಆದ್ರೆ ಅದಕ್ಕೆ ಗರಗಸ ಹಾಕೋದನ್ನ ನನ್ನ ಕೈಲಿ ನೋಡೋಕಾಗ್ತಿರ್ಲಿಲ್ಲ.”

ಹಾಲ್ವರ್ ಎದ್ದು, ಎರಡು ಸ್ಕೀಗಳನ್ನೂ ನೆಲದ ಹಲಗೆಯ ಮೇಲೆ ಅಕ್ಕಪಕ್ಕ ಮಲಗಿಸಿದ. ಮೇಜಿನ ಮೇಲಿನ ಹಳೆಯ ಪತ್ರಿಕೆಯಿಂದ ಒಂದು ಹಾಳೆ ಹರಿದು ನಡುಭಾಗದ ಕೆಳಗೆ ತೂರಿಸಿದ.

“ನಿಲ್ಲು.”

ಟೂರುನ್ ಸ್ಕೀಗಳ ಮೇಲೆ ಹತ್ತಿ ನಿಂತಳು. ಎರಡೂ ಕಾಲ ಮೇಲೆ ಸಮನಾಗಿ ನಿಂತಾಗ ಹಾಳೆ ಅತ್ತಿತ್ತ ಸರಾಗವಾಗಿ ಸರಿದಾಡಿತು.

“ಈಗ ಭಾರ ಎಲ್ಲಾ ಒಂದೇ ಕಾಲಿಗೆ.”

ಬಾಗು ಮೆತ್ತಗೆ ಇಳಿಯಿತು. ಹಾಲ್ವರ್ ಹಾಳೆ ಎಳೆದ. ಅದು ಕದಲಲಿಲ್ಲ. ಅವಳು ಭಾರ ಸಡಿಲಿಸಿದಳು, ಸ್ಕೀ ಅವಳನ್ನು ಮೇಲಕ್ಕೆತ್ತಿತು. ಸ್ಕೀ ಹೀಗೇ ಇರಬೇಕು. ತುಳಿದಾಗ ಹಿಡಿಯಬೇಕು, ಬಿಟ್ಟಾಗ ಹರಿಯಬೇಕು. ಹದಿನಾಲ್ಕು ಜೊತೆ ಮಾಡಿಯೂ ಅವಳ ಕೈಗೆ ದಕ್ಕದಿದ್ದದ್ದು ಇದೇ.

“ಗೊತ್ತಾಯ್ತಾ?” ಎಂದ ಹಾಲ್ವರ್. “ನಿನ್ನ ತೂಕಕ್ಕೆ ಇಟ್ಟ ಬಾಗನ್ನ ತೊಂಬತ್ತು ಕಿಲೋ ಗಂಡಸರ ಕಾಲಿಗೆ ಕಟ್ತಿದ್ರಿ. ಚಪ್ಪಟೆಯಾಗದೆ ಇನ್ನೇನಾಗುತ್ತೆ? ಕೊಯ್ದಿದ್ರೂ ಒಳಗೆ ಯಾವ ಗುಟ್ಟೂ ಸಿಗ್ತಿರ್ಲಿಲ್ಲ. ಹತ್ತಿ ನಿಲ್ಲೋರ ಭಾರ ತಿಳಿದು ಬಾಗಿಸಬೇಕು, ಅಷ್ಟೇ ಅವನ ವಿದ್ಯೆ.”

ಟೂರುನ್ ಕಾಲ ಕೆಳಗಿನ ಹಾಳೆಯನ್ನೇ ನೋಡುತ್ತಿದ್ದಳು. “ಆದ್ರೆ ಅವನು ನನ್ನ ತೂಕ ಎಷ್ಟು ಅಂತ ಯಾವತ್ತೂ ಕೇಳಿದವನಲ್ಲ.”

“ಕೇಳೋದೇನು?” ದಾಗ್ನಿ ಮೂಗೊರೆಸಿಕೊಂಡಳು. “ಹಿಮ ಕರಗೋ ತಿಂಗಳಲ್ಲಿ ಕೆಳಗಿನ ಹಳ್ಳ ತುಂಬಿದಾಗೆಲ್ಲ ನಿನ್ನ ಎತ್ಕೊಂಡು ದಾಟಿಸ್ತಿದ್ದನಲ್ಲ. ಕಿಟಕಿಯಿಂದ ನೋಡಿ ನಾನು ನಗ್ತಿದ್ದೆ. ತೋಳಿಗೆ ಗೊತ್ತಿರಲ್ವೇನೇ?”

ಅಲ್ಲಿಗೆ ಟೂರುನ್‌ಳ ಕಟ್ಟೆ ಒಡೆಯಿತು. ಸ್ಕೀಯ ಮೇಲೆ ನಿಂತಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವನು ಬೇಕಾಗಿತ್ತು. ಫೋಟೋ ಅಲ್ಲ, ಗೋಡೆ ಅಲ್ಲ, ಆ ಎರಡು ತೋಳು ಬೇಕಾಗಿತ್ತು. ದಾಗ್ನಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ಟೂರುನ್ ಆ ಕೈಯನ್ನು ತಳ್ಳಲಿಲ್ಲ.

ಹಾಲ್ವರ್ ಫೋನ್ ತೆಗೆದ. “ಆಸ್ಲಾಕ್‌ಗೆ ಏನು ಹೇಳ್ಲಿ?”

“ಗರಗಸ ಒಳಗಿಡೋಕೆ ಹೇಳಿ,” ಎಂದಳು ಟೂರುನ್. “ರಕ್ಷಣಾ ದಳದವರು ಒಬ್ಬೊಬ್ಬರೂ ಬಂದು ತೂಕ ಕೊಟ್ಟು ಹೋಗ್ಲಿ.”

ಅಂಗಳದಲ್ಲಿ ಅವಳು ಬಗ್ಗಿ ಸ್ಕೀ ಕಟ್ಟಿಕೊಂಡಳು. ಎರಡು ವರ್ಷದಲ್ಲಿ ಮೊದಲ ಸಲ. ಮುಂದೆ ಇಳಿಜಾರು, ಅದರ ಬುಡದಲ್ಲಿ ಕಣಿವೆಯಿಂದ ಹೊರಹೋಗುವ ರಸ್ತೆ. ದಾಗ್ನಿ ಬಾಗಿಲಲ್ಲಿ ನಿಂತು ಆ ರಸ್ತೆಯನ್ನು ನೋಡಿದಳು, ಸೊಸೆಯ ಬೆನ್ನನ್ನು ನೋಡಿದಳು.

ಟೂರುನ್ ಹೊರಟಳು. ಒಂದು ಕಾಲಿಗೆ ಭಾರ ಕೊಟ್ಟಳು, ಬಿಟ್ಟಳು. ಕೊಟ್ಟಳು, ಬಿಟ್ಟಳು. ಪ್ರತಿ ಸಲವೂ ಕೆಳಗಿನಿಂದ ಯಾರೋ ಅವಳನ್ನು ಎತ್ತಿ ಮುಂದಿಡುತ್ತಿದ್ದರು. ಇಳಿಜಾರಿನ ಅಂಚಿನಲ್ಲಿ ನಿಂತು ತಿರುಗಿ ಕೂಗಿದಳು:

“ಅತ್ತೆ! ಕಾಫಿ ಒಲೆ ಮೇಲೇ ಇರ್ಲಿ. ಕೆಳಗೆ ಹೋಗಿ ನಿಮ್ಮ ಸ್ಕೀ ತರ್ತೀನಿ. ಆಮೇಲೆ ಒಂದಿಷ್ಟು ದೂರ ನಿಮ್ಮನ್ನ ನಾನು ಎತ್ಕೋಬೇಕು. ನಿಮ್ಮ ಹೊಸ ಜೋಡಿ ಬಾಗಿಸೋ ಮುಂಚೆ, ಎಷ್ಟು ಭಾರ ಇದ್ದೀರಿ ಅಂತ ನನ್ನ ತೋಳಿಗೂ ಗೊತ್ತಾಗ್ಲಿ!”