ಏರಿಯ ಮೇಲೊಂದು ಸಲಿಕೆ

ಮಯೂರಿಗೂ ಸುಮಂತನಿಗೂ ಪರಿಚಯವಾದದ್ದು ಜಗಳದಿಂದ. ಪರದೇಶದ ಪುಚೊಂಗಿನಲ್ಲಿ ಅವರ ಕಾಂಡೊ ಅಪಾರ್ಟ್‌ಮೆಂಟಿನ ಹಿಂದಿನ ಇಳಿಜಾರಿನಲ್ಲಿ ಮನೆಗೊಂದರಂತೆ ತರಕಾರಿ ಪಾತಿಗಳಿದ್ದವು. ಒಂದು ಭಾನುವಾರ ಬೆಳಿಗ್ಗೆ ಅವಳು ಇಳಿದು ಬರುವಷ್ಟರಲ್ಲಿ, ಪಕ್ಕದ ಪಾತಿಯ ಹೊಸಬ ಅಡುಗೆಗೆ ಘಮ ಕೊಡುವ ಅವಳ ಪಂದಾನ್ ಗಿಡಗಳನ್ನೆಲ್ಲ ಕಳೆ ಎಂದುಕೊಂಡು ಕಿತ್ತು, ಓರಣವಾಗಿ ಜೋಡಿಸಿಟ್ಟಿದ್ದ.

"ನಿಮಗೆ ಸ್ವಲ್ಪ ಹೆಲ್ಪ್ ಆಗ್ಲಿ ಅಂತ..." ಎಂದ.

"ಏನ್ ಕೆಲಸ ಮಾಡ್ತೀರಾ ನೀವು?"

"ನಿಲಾಯ್‌ನ ಮೆಡಿಕಲ್ ಕಾಲೇಜಲ್ಲಿ ಅನಾಟಮಿ ಪಾಠ. ಊರು ಉಡುಪಿ."

"ಸದ್ಯ, ಸರ್ಜನ್ ಅಲ್ವಲ್ಲ."

ಅವನ ಕಿವಿಗಳು ಕೆಂಪಾದವು. ಆ ಕಿವಿಗಳು ಮಯೂರಿಗೆ ಇಷ್ಟವಾಗಿಬಿಟ್ಟವು. ಸಂಜೆಯೊಳಗೆ ಅವನು ಅಷ್ಟೂ ಗಿಡಗಳನ್ನು ಮತ್ತೆ ನೆಟ್ಟು, ತಪ್ಪಿಗೆ ದಂಡವೆಂದು ತಾಪಾವ್ ಮಾಡಿಸಿದ, ಅಂದರೆ ಪಾರ್ಸೆಲ್ ಕಟ್ಟಿಸಿದ, ನಾಸಿ ಲೆಮಾಕ್ ಎಂಬ ತೆಂಗಿನ ಹಾಲಿನ ಅನ್ನದ ಪೊಟ್ಟಣ ತಂದುಕೊಟ್ಟ. ಕೊಡುವಾಗ ಅವನ ಅಂಗೈ ಪಂದಾನ್ ಘಮ ಬೀರುತ್ತಿತ್ತು.

ಮೈಸೂರಿನ ಮಯೂರಿ ಸೈಬರ್‌ಜಯಾದ ಕಂಪನಿಯೊಂದರಲ್ಲಿ ವೆಬ್‌ಸೈಟ್ ಕಟ್ಟುವವಳು. ಈಗ ಅವಳ ಕೈಯಲ್ಲಿದ್ದದ್ದು ನೆದರ್‌ಲ್ಯಾಂಡ್ಸ್‌ನ ಲಿಂಡರ್‌ಮೇರ್ ಎಂಬ ಪುಟ್ಟ ಪುರಸಭೆಯ ಕೆಲಸ. ಅದು ಪಕ್ಕದ ದೊಡ್ಡ ಊರಿನ ಪುರಸಭೆಯೊಳಗೆ ಸೇರಿಹೋಗಲಿತ್ತು. ಬೋರ್ಡಿನಿಂದ ಹೆಸರು ಅಳಿಯುವ ಮೊದಲು ಅದರ ಚರಿತ್ರೆಯನ್ನೆಲ್ಲ ವೆಬ್‌ಸೈಟಿಗೆ ಏರಿಸಬೇಕು.

"ಹೆಸರು ಹೋಗೋ ಊರು ರೀ, ಅದಕ್ಕೇ ಮುದ್ದು ಜಾಸ್ತಿ," ಎಂದು ಸುಮಂತನಿಗೆ ಹೇಳುತ್ತಿದ್ದಳು.

ಸಂಜೆ ಹೊತ್ತು ಇಬ್ಬರೂ ಬದುವಿನ ಮೇಲೆ ಕೂರುವುದು ಅಭ್ಯಾಸವಾಯಿತು. ಎದುರಿನ ಮಾಮಾಕ್ ತಿಂಡಿ ಅಂಗಡಿಯಿಂದ ಸುಮಂತ ಟೀ ತರುತ್ತಿದ್ದ. ತಾಳೆಮರಗಳ ಹಿಂದೆ ಬಿಸಿಲು ಜೇನಿನ ಬಣ್ಣಕ್ಕೆ ತಿರುಗುವಾಗ ಅವಳು ಆ ಊರಿನ ಕಥೆ ಹೇಳುತ್ತಿದ್ದಳು.

"ಆ ಊರು ಸಮುದ್ರಕ್ಕಿಂತ ತಗ್ಗಲ್ಲಿದೆ. ಸುತ್ತ ಮಣ್ಣಿನ ಏರಿ. ಹಿಂದೆ ಏರಿಯ ಒಂದೊಂದು ತುಂಡು ರಿಪೇರಿ ಮಾಡೋದು ಒಂದೊಂದು ಮನೆಯ ಪಾಲು. ನನ್ನ ಕೈಲಾಗಲ್ಲ ಅನ್ನೋನು ಏರಿ ಮೇಲೆ ತನ್ನ ಸಲಿಕೆ ನೆಟ್ಟುಬಿಡಬೇಕು. ಯಾರು ಅದನ್ನ ಕೀಳ್ತಾರೋ ಅವರಿಗೆ ಅವನ ಹೊಲ, ಮನೆ, ಏರಿ ಕೆಲಸ ಎಲ್ಲಾ."

"ನೆಟ್ಟವನ ಗತಿ?"

ಅವಳ ಕಣ್ಣು ಅವನ ಮೇಲ್ತುಟಿಗಂಟಿದ ಟೀ ನೊರೆಯ ಮೇಲಿತ್ತು. "ಕಿತ್ತ ಮೇಲೆ ಅವನು ಊರು ಬಿಟ್ಟು ಹೋಗ್ಬೇಕು ಅಷ್ಟೇ," ಎಂದು ಏನೋ ಹೇಳಿ ಮುಗಿಸಿದಳು. ಹೇಳಿದ್ದು ಮರೆತಳು, ನೊರೆ ಮಾತ್ರ ನೆನಪಿನಲ್ಲಿ ಉಳಿಯಿತು.

ಒಂದು ಶುಕ್ರವಾರ ಆಫೀಸಿನವರು ಕೇಳಿದರು: ಎರಡು ವರ್ಷ ಅಲ್ಲಿಗೇ ಹೋಗಿ ಕೆಲಸ ಮಾಡುತ್ತೀಯೋ, ಇಲ್ಲೇ ಕೂತು ಮಾಡುತ್ತೀಯೋ? ಸೋಮವಾರ ಉತ್ತರ ಬೇಕು. ಇಲ್ಲಿರಲು ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಕಾರಣ, ಆ ಕಾರಣ ಪಕ್ಕದ ಪಾತಿಯಲ್ಲಿ ಬೆಂಡೆಗೆ ನೀರು ಹಾಕುತ್ತಿತ್ತು. ಅವನಿಗೆ ಹೇಳಿದಳು.

ಸುಮಂತ ನೀರಿನ ಕೊಡ ಕೆಳಗಿಟ್ಟು ಅವಳತ್ತ ತಿರುಗಿದ. "ಒಳ್ಳೆಯದೇ ಅಲ್ವಾ. ಅಲ್ಲಿ ಚಳಿ ಉಂಟಂತೆ. ನಿಮ್ಮತ್ರ ಸ್ವೆಟರ್ ಉಂಟಾ?"

ಕಣ್ಣಲ್ಲಿ ಅಷ್ಟೊಂದು ತುಂಬಿಕೊಂಡು ಬಾಯಲ್ಲಿ ಸ್ವೆಟರ್ ಮಾತಾಡುವ ಗಂಡಸಿಗೆ ಏನು ಹೇಳುವುದು? ಮಯೂರಿಗೆ ಮೈಯೆಲ್ಲ ಉರಿಯಿತು.

ಮರುದಿನ ಬೆಳಿಗ್ಗೆ ಅವಳು ತನ್ನ ಪಾತಿಯ ಮೇಲ್ಬದುವಿನಲ್ಲಿ ಸಲಿಕೆ ನೆಟ್ಟಳು. ಸುಮಂತ ಅದನ್ನು ಕಿತ್ತುಕೊಂಡರೆ ನಾನು ಅವನ ಪಾಲು ಎಂದು ಮನಸ್ಸಿನಲ್ಲೇ ತೀರ್ಮಾನಿಸಿ, ಮೇಲೆ ಹೋಗಿ ಬಾಲ್ಕನಿಯಲ್ಲಿ ಒಣಗಲು ಹಾಕಿದ ಸೀರೆಯ ಹಿಂದೆ ನಿಂತಳು.

ಅವನು ಬಂದ. ಸಲಿಕೆಯ ಮುಂದೆ ಕಲ್ಲಾಗಿ ನಿಂತ. ಕೈ ಚಾಚಿದ. ಅವಳು ಸೀರೆ ಸರಿಸಿ ಇಣುಕಿದಳು. ಆದರೆ ಅವನು ಕೈ ಹಿಂದಕ್ಕೆಳೆದುಕೊಂಡು, ಅವಳ ಗಿಡಗಳಿಗೆ ನೀರು ಹಾಕಿ ಹೊರಟುಹೋದ.

ಮಧ್ಯಾಹ್ನ ಮಳೆ ಸುರಿಯಿತು. ಮಯೂರಿಯೂ ಮನಸಾರೆ ಅತ್ತಳು. ನೆದರ್‌ಲ್ಯಾಂಡ್ಸ್‌ಗೆ ಹೋಗುವುದೇ ಸರಿ ಎಂದು ನಿಶ್ಚಯಿಸಿದಳು.

ಭಾನುವಾರ ಸಲಿಕೆ ತರಲು ಇಳಿದಾಗ ಇಳಿಜಾರಿನ ತುಂಬ ತೆಳ್ಳಗೆ ಮಂಜು ಕವಿದಿತ್ತು. ಅದರೊಳಗೆ ಸುಮಂತ ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಮಳೆಗೆ ಕೊಚ್ಚಿಹೋಗಿದ್ದ ಅವಳ ಬದುವಿಗೆ ಬರಿಗೈಯಲ್ಲಿ ಮಣ್ಣು ಮೆತ್ತುತ್ತಿದ್ದ. ಸಲಿಕೆ ನೆಟ್ಟಲ್ಲೇ ಇತ್ತು. ಅದರ ಹಿಡಿಗೆ ನೆನೆಯದಂತೆ ತಾಪಾವ್ ಪ್ಲಾಸ್ಟಿಕ್ ಚೀಲವೊಂದನ್ನು ಕಟ್ಟಿದ್ದ.

"ಇಷ್ಟೆಲ್ಲಾ ಮಾಡೋರಿಗೆ ಅದೊಂದು ಸಲಿಕೆ ಕೀಳಕ್ಕಾಗ್ಲಿಲ್ವಾ?" ಅವಳು ಕೇಳಿದಳು.

"ಹೇಗೆ ಕೀಳೂದು ಮಾರಾಯ್ರೆ? ನಾನು ಕಿತ್ರೆ ನೀವು ಊರು ಬಿಟ್ಟು ಹೋಗ್ಬೇಕಲ್ಲ. ನೀವೇ ಹೇಳಿದ್ದು."

ಟೀ ಕುಡಿಯುತ್ತ ತಾನಾಡಿದ್ದ ಮಾತು ಮಯೂರಿಗೆ ಆಗ ನೆನಪಾಯಿತು.

"ನನಗೆ ನಿಮ್ಮ ಪಾತಿ ಎಂತಕ್ಕೆ, ನೀವೇ ಇಲ್ಲದಿದ್ರೆ? ಸಲಿಕೆ ಅಲ್ಲೇ ಇದ್ರೆ ನೀವೂ ಇಲ್ಲೇ ಅಂತ ಅಂದ್ಕೊಂಡೆ. ಅಲ್ಲಿವರೆಗೆ ನಿಮ್ಮ ಬದು ನಾನು ನೋಡ್ಕೊಳ್ತೇನೆ."

"ಮತ್ತೆ ಸ್ವೆಟರ್ ಇದ್ಯಾ ಅಂದ್ರಿ?"

"ಅಷ್ಟು ಒಳ್ಳೇ ಚಾನ್ಸ್. ಬೇಡ ಅನ್ಲಿಕ್ಕೆ ನಾನು ಯಾರು?"

"ನಿಮಗೆ ಏನನ್ಸುತ್ತೋ ಅದನ್ನ ಹೇಳಿ. ಈಗ ಹೇಳಿ."

ಅವನ ಕಿವಿಗಳು ಮೊದಲ ದಿನದಂತೆ ಕೆಂಪಾದವು. "ನನಗೆ ನಿಮ್ಮ ಮೇಲೆ ಪ್ರೀತಿ ಉಂಟು. ಹೋಗ್ಬೇಡಿ. ಹೋಗ್ಲೇಬೇಕು ಅಂತಿದ್ರೆ ಹೋಗಿ ಬನ್ನಿ, ನಾನು ಕಾಯ್ತೇನೆ."

ಮಯೂರಿ ಅಳುತ್ತಲೇ ನಕ್ಕಳು. "ನೆಟ್ಟವಳೇ ಸಲಿಕೆ ಕಿತ್ಕೊಂಡ್ರೆ?"

"ಆ ಊರಿನ ಹಿಸ್ಟರಿಯಲ್ಲಿ ಹಾಗೆ ಉಂಟಾ?"

"ಇಲ್ಲ. ನಮ್ಮದರಲ್ಲಿ ಇರ್ಲಿ."

ಒದ್ದೆ ಮಣ್ಣಿನಿಂದ ಸಲಿಕೆ ಏಳಲಿಲ್ಲ. ಅವನು ತನ್ನ ಕೆಸರುಗೈಯನ್ನು ಅವಳ ಕೈಮೇಲಿಟ್ಟ. ಇಬ್ಬರೂ ಕೂಡಿ ಎಳೆದಾಗ ಅದು ಮೆತ್ತಗೆ ಮೇಲೆದ್ದು ಬಂತು. ಕೈಗಳು ಮಾತ್ರ ಹಾಗೇ ಉಳಿದವು.

"ನಾಳೆ ಆಫೀಸಿಗೆ ಇಲ್ಲೇ ಇರ್ತೀನಿ ಅಂತ ಹೇಳ್ತೀನಿ," ಎಂದಳು. ಆಮೇಲೆ ಎರಡೂ ಪಾತಿಗಳ ನಡುವಿನ ಬದುವನ್ನು ತೋರಿಸಿದಳು. "ಇದನ್ನ ತೆಗೆದುಬಿಡೋಣ್ವಾ?"

"ಲಿಂಡರ್‌ಮೇರ್ ಸೇರಿಹೋಗ್ತದಲ್ಲ, ಹಾಗೆಯಾ?"

"ಹಾಗೇ. ಆದ್ರೆ ನಮ್ಮಲ್ಲಿ ಯಾರ ಹೆಸರೂ ಅಳಿಸೋದು ಬೇಡ."

ಸುಮಂತ ಸಲಿಕೆಯನ್ನು ಅವಳ ಕೈಗೇ ಕೊಟ್ಟ. ನಡುವಿನ ಬದುವಿಗೆ ಅವಳು ಮೊದಲ ಪೆಟ್ಟು ಹಾಕಿದಳು, ಅವನು ಮಣ್ಣು ಬಾಚಿದ. ಅವನ ಬೆಂಡೆಯ ಬುಡದಲ್ಲಿ ನಿಂತಿದ್ದ ನೀರು ನಿಧಾನವಾಗಿ ಅವಳ ಪಂದಾನ್ ಕಡೆಗೆ ಹರಿಯಿತು.