ಹೆಣ್ಣು ಕೇಳಲು ಭಯವೂ ಬಂದಿತ್ತು

“ಇವತ್ತೇನು ನೆಪ? ತಲೆನೋವೋ, ಎದೆನೋವೋ? ಈಗಲೇ ಹೇಳಿಬಿಡು ಮಹಾರಾಯ್ತಿ, ಹೂವು ಬಾಡೋ ಮೊದಲು!”

ಅಂಗಳದ ಕಿತ್ತಳೆ ಮರದ ಕೆಳಗೆ ನಿಂತು ಅಶ್ರಫ್ ಖಾನಂ ಕೂಗಿದ ಕೂಗಿಗೆ ಅಕ್ಕಪಕ್ಕದ ಮನೆಯ ಕಿಟಕಿಗಳು ತೆರೆದವು. ಸೊಸೆ ಮಾಹ್ರುಖ್ ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದಳು. ಬೆರಳುಗಳು ಮಾತು ಕೇಳಲೊಲ್ಲವು! ಅವಳ ಮಗ ಬಾರ್ಬದ್ ಸಿಹಿಯ ಡಬ್ಬಿ, ಹೂಗುಚ್ಛ ಹಿಡಿದು ನಿಂತಿದ್ದ.

“ಬರ್ತೀನಿ ಅತ್ತೆ,” ಎಂದಳು ಮಾಹ್ರುಖ್.

ಹಿಂದೆ ಎರಡು ಸಲ ಹೆಣ್ಣು ಕೇಳಲು ಹೊರಟಾಗಲೂ ಹೀಗೆಯೇ ಹೇಳಿ ಗೇಟಿನಿಂದ ವಾಪಸಾಗಿದ್ದಳು. ಹುಡುಗನ ಅಜ್ಜಿ ಹೋಗಬಹುದು, ಸೋದರಮಾವಂದಿರು ಹೋಗಬಹುದು, ಆದರೆ ತಾಯಿಯೇ ಬಂದು ಹೆಣ್ಣು ಕೇಳದಿದ್ದರೆ ಇರಾನಿನ ಈ ಶಿರಾಜಿನಲ್ಲಿ ಯಾವ ಮನೆಯವರು ಸುಮ್ಮನಿರುತ್ತಾರೆ? ಹುಡುಗಿ ಗೊಲ್ನಾರಳ ತಂದೆ ಇರಜ್, ಮೇಷ್ಟ್ರಾಗಿದ್ದವರು, ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು: ಈ ಸಲವೂ ತಾಯಿ ಬರದಿದ್ದರೆ ಈ ಮಾತು ಇಲ್ಲಿಗೇ ಮುಗಿಯಿತು. ಬಾರ್ಬದ್ ಅಂದಿನಿಂದ ನೆಟ್ಟಗೆ ಊಟ ಮಾಡಿರಲಿಲ್ಲ.

ಹಿಂದೊಮ್ಮೆ ಬಜಾರಿನ ಜನಜಂಗುಳಿಯಲ್ಲಿ ಅವಳ ಕೈಹಿಡಿದು ನಡೆಯುತ್ತಿದ್ದ ಗಂಡ ಬಹ್ಮನ್ ಹೃದಯ ನಿಂತು ಕುಸಿದುಬಿದ್ದವನು ಮತ್ತೆ ಏಳಲಿಲ್ಲ. ಅಂದಿನಿಂದ ಮಾಹ್ರುಖಳಿಗೆ ಮನೆಯ ಹೊರಗೆ ಕಾಲಿಟ್ಟರೆ ಸಾಕು, ತನ್ನ ಹೃದಯವೂ ಈಗ ನಿಂತಿತು, ಇನ್ನೇನು ನಿಂತಿತು... ಎನ್ನುವ ಭಯ! “ಹೆತ್ತವಳು ನಾನೇ ಗಟ್ಟಿಯಾಗಿ ನಿಂತಿದೀನಿ, ಇವಳದ್ದೇನು ನಾಟಕ?” ಎಂದು ಅತ್ತೆ ಕಂಡಕಂಡವರ ಹತ್ತಿರ ಹೇಳುತ್ತಿದ್ದಳು.

ಚಳಿಗಾಲದಲ್ಲಿ ಬಾರ್ಬದ್ ತಾಯಿಗೋಸ್ಕರ ಮನೋಚಿಕಿತ್ಸಕಿ ತಹ್ಮೀನೆಯನ್ನು ಮನೆಗೇ ಕರೆತಂದಿದ್ದ. “ಈ ಭಯಾನ ಕಿತ್ತು ಬಿಸಾಕಿ ತಾಯಿ,” ಎಂದು ಮಾಹ್ರುಖ್ ಕೈಮುಗಿದು ಬೇಡಿದ್ದಳು. ತಹ್ಮೀನೆ ಕೇಳಿದ್ದು ಬೇರೆಯೇ. “ಅದನ್ನ ಓಡಿಸೋಕೆ ಹೋಗಿ ಏನೇನು ಬಿಟ್ರಿ, ಹೇಳಿ.” ತಂಗಿಯ ಮನೆ, ತೋಟದ ತಿರುಗಾಟ, ಕೊನೆಗೆ ಗಂಡನ ಸಮಾಧಿ... ಹೇಳುತ್ತ ಹೇಳುತ್ತ ಮಾಹ್ರುಖ್ ಬಿಕ್ಕಿಬಿಕ್ಕಿ ಅತ್ತಳು. “ಎದೆ ಬಡ್ಕೊಂಡ್ರೆ ಬಡ್ಕೊಳ್ಳಲಿ. ಬಡ್ಕೊಳ್ತಿದೆ ಅಂತ ನೋಡಿ, ಜಗಳಕ್ಕೆ ಹೋಗಬೇಡಿ. ಭಯ ಹೋದ ಮೇಲೆ ನಡೀತೀನಿ ಅನ್ಬೇಡಿ. ನಿಮಗೆ ಬೇಕಾದವರ ಕಡೆಗೆ ಈಗಲೇ ಒಂದು ಹೆಜ್ಜೆ ಇಡಿ.” ಆಮೇಲೆ ಇಬ್ಬರೂ ಸೇರಿ ಗೇಟಿನವರೆಗೆ, ಮೂಲೆಯ ರೊಟ್ಟಿ ಅಂಗಡಿಯವರೆಗೆ ಹೋಗಿ ಬರತೊಡಗಿದರು.

“ರೋಗಾನ ಜೊತೇಲೇ ಇಟ್ಕೋ ಅನ್ನೋ ಚಿಕಿತ್ಸೆ! ಇದನ್ನ ನಾನೆಲ್ಲೂ ಕಂಡಿಲ್ಲಪ್ಪ!” ಎಂದು ಅಶ್ರಫ್ ಖಾನಂ ನಕ್ಕಿದ್ದಳು.

ಈ ದಿನ ಮಾಹ್ರುಖ್ ಗೇಟು ದಾಟಿದಳು! ಅತ್ತೆ, ಮಗನ ಜೊತೆ ಟ್ಯಾಕ್ಸಿ ಹತ್ತಿದಳು! ಆದರೆ ಗೊಲ್ನಾರಳ ಮನೆಯ ಹೊಸ್ತಿಲಿಗೆ ಬಂದದ್ದೇ ತಡ, ಕಾಲು ಕಲ್ಲಾಯಿತು. ಒಳಗೆ ತುಂಬಿದ ಜನ. ಎದೆ ಡವಡವ, ಕಿವಿಯಲ್ಲಿ ಗುಂಯ್...

“ದಯಮಾಡಿಸಿ ಖಾನಂ, ನೀವು ಮೊದಲು,” ಎಂದು ಇರಜ್ ಮಾಹ್ರುಖಳನ್ನು ಗೌರವದಿಂದ ಕರೆದರು.

ಮಾಹ್ರುಖ್ ಕದಲಲಿಲ್ಲ.

“ಅಯ್ಯೋ, ಇದೇನು ಉಪಚಾರ! ನಿಮ್ಮ ಮನೇನೇ ಇದು!” ಎಂದು ಇರಜರ ಹೆಂಡತಿ ಓಡಿ ಬಂದರು. ಆ ಊರಿನಲ್ಲಿ ಬಾಗಿಲಲ್ಲಿ ನಿಂತು ‘ನೀವು ಮೊದಲು, ನೀವು ಮೊದಲು’ ಎನ್ನುವುದೇ ಒಂದು ಮರ್ಯಾದೆಯಲ್ಲವೇ? ಈಕೆ ಎಷ್ಟು ಸಂಭಾವಿತೆ ಎಂದುಕೊಂಡು ಒಳಗಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ಬಂದು ಕರೆದರು. ಕರೆದಷ್ಟೂ ಆಕೆಯ ಉಸಿರು ಕಟ್ಟಿತು. ಉಪಚಾರದ ಮಾತನ್ನೇ ನೆಪ ಮಾಡಿಕೊಂಡು, “ಇಲ್ಲ, ನಾವು ಇನ್ನೊಂದು ದಿನ ಬರ್ತೀವಿ,” ಎಂದು ಹಿಂದೆ ಸರಿದುಬಿಡಬಹುದಿತ್ತು. ಎಷ್ಟು ಸುಲಭ! ತಿರುಗಿ ನೋಡಿದಳು. ಮಗನ ಕಣ್ಣು ತುಂಬಿತ್ತು.

“ಇರಜ್ ಅವರೇ, ಇದು ಉಪಚಾರ ಅಲ್ಲ!” ಎಂದಳು ಮಾಹ್ರುಖ್. “ನನಗೆ ಭಯ ಆಗ್ತಿದೆ... ಹಿಂದೆ ಬರದೇ ಇದ್ದಿದ್ದೂ ಇದಕ್ಕೇ, ಸೊಕ್ಕಿಗಲ್ಲ. ನನ್ನ ಕೈ ಹಿಡ್ಕೊಂಡೇ ಬಹ್ಮನ್ ಪ್ರಾಣ ಬಿಟ್ರು. ಅವತ್ತಿಂದ ನನ್ನ ಎದೆ ಹೀಗೇ. ಈಗಲೂ ಹೊಡ್ಕೊಳ್ತಿದೆ. ಹೊಡ್ಕೊಳ್ಳಲಿ! ಅದರ ಸಮೇತವೇ ನಾನು ಒಳಗೆ ಬರ್ತೀನಿ. ಪರವಾಗಿಲ್ವಾ?”

ಅಶ್ರಫ್ ಖಾನಂ ಸೊಸೆಯನ್ನು ಗದರಿ ಎಳೆದುಕೊಳ್ಳಲು ಕೈ ಹಿಡಿದಳು. ಹಿಡಿದವಳು ಬೆಚ್ಚಿದಳು.

“ಏನೇ ಇದು... ಇಷ್ಟು ತಣ್ಣಗಿದೆಯಲ್ಲೇ ಕೈ! ಮಂಜು ಮುಟ್ಟಿದ ಹಾಗಿದೆಯಲ್ಲೇ!”

“ದಿನಾ ಹೀಗೇ ಅತ್ತೆ.”

ಮುದುಕಿ ಆ ಕೈಯನ್ನು ತನ್ನ ಎರಡೂ ಅಂಗೈಗಳಲ್ಲಿ ಮುಚ್ಚಿಕೊಂಡಳು. “ನನ್ನ ಮಗ ಕೊನೇಲಿ ಹಿಡ್ಕೊಂಡಿದ್ದು ಇದೇ ಕೈನಾ?... ನಾನು ಒಂದು ಸಲಾನೂ ಮುಟ್ಟಿ ನೋಡ್ಲಿಲ್ವಲ್ಲೇ!” ಬಹ್ಮನ್ ಹೋದಾಗಲೂ ಅಳದವಳು ಪರರ ಬಾಗಿಲಲ್ಲಿ ನಿಂತು ಗೋಳೋ ಎಂದು ಅತ್ತಳು!

ಮಾಹ್ರುಖ್ ಅತ್ತೆಯ ಕೈಯನ್ನು ಗಟ್ಟಿಯಾಗಿ ಹಿಡಿದು ಹೊಸ್ತಿಲು ದಾಟಿದಳು. ಗೊಲ್ನಾರ್ ಚಹಾದ ತಟ್ಟೆ ತಂದಳು. ಆ ಹುಡುಗಿಯ ಕೈಯೂ ನಡುಗಿ ಲೋಟಗಳು ಗಲಗಲ ಅಂದವು. “ಬಾ ಮಗಳೇ, ನಾವಿಬ್ಬರೂ ಸರಿಯಾದ ಜೋಡಿ!” ಎಂದಳು ಮಾಹ್ರುಖ್. ಎಲ್ಲರೂ ಗೊಳ್ಳೆಂದು ನಕ್ಕರು.

“ಭಯ ಹೋಯ್ತಾ ಖಾನಂ?” ಇರಜ್ ಮೆಲ್ಲಗೆ ಕೇಳಿದರು.

“ಇಲ್ಲ, ಇಲ್ಲೇ ಇದೆ. ಇರಲಿ. ನಿಮ್ಮ ಮಗಳನ್ನ ನಮ್ಮ ಮನೆಗೆ ಕೊಡ್ತೀರಾ?”

ಇರಜ್ ಮಗಳ ಮುಖ ನೋಡಿದರು. ಅವಳು ತಲೆಯಾಡಿಸಿದಳು. “ಹೆದರ್ಕೊಂಡೂ ಮಗನಿಗೋಸ್ಕರ ಬಂದವರ ಮನೆಗೆ ಕೊಡದೆ ಇನ್ಯಾರಿಗೆ ಕೊಡಲಿ!” ಎಂದು ಅವರು ಸಿಹಿಯ ಡಬ್ಬಿ ಬಿಚ್ಚಿದರು.

ಮೊದಲ ತುಂಡನ್ನು ಹಿರಿಯಳೆಂದು ಅಶ್ರಫ್ ಖಾನಂ ಮುಂದೆ ಹಿಡಿದರು. ಅವಳು ಅದನ್ನು ಎತ್ತಿಕೊಂಡು, ಕಣ್ಣೊರೆಸದೆಯೇ, ಸೊಸೆಯ ಬಾಯಿಗೆ ಇಟ್ಟಳು.