ಹಿಂದೆ ರಿಕವರಿ ಇಲ್ಲ

"ಸರ್, ಮುಂದೆ ರಿಕವರಿ ಇದೆ. ಹಿಂದೆ ಇಲ್ಲ," ಎಂದಳು ಗ್ಯಾರೇಜ್ ಅಕ್ಕ, ಲಿಫ್ಟ್ ಮೇಲೆ ನಿಂತಿದ್ದ ಕಾರಿನ ಅಡಿಯಿಂದ.

"ಹಿಂದೆ ಇಲ್ಲದಿದ್ರೆ ಏನಾಗುತ್ತೆ?" ಎಂದು ಅಪ್ಪ ಕೇಳಿದ.

"ಸಿಕ್ಕಿಹಾಕ್ಕೊಂಡ್ರೆ ಕಷ್ಟ. ವಾಪಸ್ ಬರೋಕಾಗಲ್ಲ."

ಅಪ್ಪ ಕತ್ತಿನಲ್ಲಿ ನೇತಾಡುತ್ತಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತಿಕೊಂಡು ತಲೆಯಾಡಿಸಿದ. ಅಪ್ಪ ಟೈಲರ್. ಊಟಕ್ಕೆ ಕೂತಾಗಲೂ ಟೇಪು ಕತ್ತಿನಲ್ಲೇ ಇರುತ್ತದೆ.

ಪಕ್ಕದಲ್ಲಿ ಹಳೇ ಟೈರಿನ ಮೇಲೆ ಕೂತಿದ್ದ ಸಾಸಿವೆ ತಟ್ಟನೆ ತಲೆಯೆತ್ತಿದಳು. ಸಾಸಿವೆ ಅವಳ ನಿಜವಾದ ಹೆಸರಲ್ಲ. ಬಾಯಿ ತೆರೆದರೆ ಚಟಪಟ ಅನ್ನುತ್ತಾಳೆಂದು ಮನೆಯವರು ಇಟ್ಟ ಹೆಸರು. ಈಗ ಶಾಲೆಯಲ್ಲಿ ಟೀಚರ್ ಕೂಡ ಹಾಗೇ ಕರೆಯುತ್ತಾರೆ. ಆದರೆ ಆ ಹೊತ್ತಿನಲ್ಲಿ ಸಾಸಿವೆ ಸಿಡಿಯಲಿಲ್ಲ. ರಿಕವರಿ ಅನ್ನುವ ಮಾತು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳ ಅಮ್ಮನದು ಸರ್ವೆ ಕೆಲಸ. ಗುಡ್ಡ ಹತ್ತಿ, ಹಳ್ಳ ಇಳಿದು ಜಾಗ ಅಳೆಯುವುದು. ಮೂರು ತಿಂಗಳ ಹಿಂದೆ ಬಂಡೆಯ ಮೇಲಿಂದ ಜಾರಿ ಬಿದ್ದಳು. ಬೆನ್ನಿಗೆ ಆಪರೇಷನ್ ಆಯಿತು. ಆಪರೇಷನ್ ಚೆನ್ನಾಗಿ ಆಗಿದೆ, ರಿಕವರಿ ಮಾತ್ರ ನಿಧಾನ ಎಂದು ಡಾಕ್ಟರ್ ಹೇಳಿದ್ದರು. ಆಮೇಲೆ ಮನೆಗೆ ಬಂದವರೆಲ್ಲ ರಿಕವರಿ ಹೇಗಿದೆ ಎಂದು ಕೇಳಿದ್ದೇ ಕೇಳಿದ್ದು. 

ಈಗ ಗ್ಯಾರೇಜ್ ಅಕ್ಕ ಹೇಳುತ್ತಿದ್ದಾಳೆ, ಹಿಂದೆ ರಿಕವರಿ ಇಲ್ಲವಂತೆ. ಬೆನ್ನು ಇರುವುದು ಹಿಂದೆಯೇ ಅಲ್ಲವೇ? ವಾಪಸ್ ಬರೋಕಾಗಲ್ಲ ಎಂದರೆ ಏನು? ಅಮ್ಮ ಇನ್ನು ಮೊದಲಿನ ಹಾಗೆ ಆಗುವುದೇ ಇಲ್ಲವೇ?

ದಾರಿಯಲ್ಲಿ ಅಪ್ಪನನ್ನು ಕೇಳಿದಳು. ಅಪ್ಪ "ನೋಡೋಣ" ಎಂದ. ಈಚೆಗೆ ಅಪ್ಪನ ಹತ್ತಿರ ಏನು ಕೇಳಿದರೂ ಬರುವ ಉತ್ತರ ಅದೊಂದೇ.

ಸಾಸಿವೆಗೆ ತಲೆಬುಡ ಅರ್ಥವಾಗದ ವಿಷಯ ಇನ್ನೂ ಒಂದಿತ್ತು, ಅದು ಆ ಕಾರು. ಅದನ್ನು ಆರಿಸಿದ್ದು ಅಮ್ಮ, ಓಡಿಸುತ್ತಿದ್ದದ್ದೂ ಅಮ್ಮ. ಶನಿವಾರ ಬಂತೆಂದರೆ ಮೂವರೂ ಹೊರಡುತ್ತಿದ್ದರು. ರಸ್ತೆ ಮುಗಿದು ಮಣ್ಣುದಾರಿ ಶುರುವಾಗುವ ಜಾಗದಲ್ಲಿ ಬೇರೆಯವರು ಕಾರು ತಿರುಗಿಸಿದರೆ ಅಮ್ಮ ಅಲ್ಲಿಂದ ಮುಂದಕ್ಕೆ ಹೋಗುತ್ತಿದ್ದಳು. ಕಾರಿನ ಅಡಿ ಕಲ್ಲಿಗೆ ಉಜ್ಜಿದಾಗಲೆಲ್ಲ ಅಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅಮ್ಮ ಮಾತ್ರ ಮನೆಗೆ ಬಂದ ಕೂಡಲೇ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಲಿಸ್ಟಿಗೆ ಒಂದೊಂದು ಸಾಲು ಸೇರಿಸುತ್ತಿದ್ದಳು. ಎತ್ತರದ ಸ್ಪ್ರಿಂಗು. ದಪ್ಪ ಹಲ್ಲಿನ ಟೈರು. ಕಾರಿನ ತಳಕ್ಕೆ ಕಬ್ಬಿಣದ ತಗಡು. ಗಾಳಿ ತುಂಬುವ ಸಣ್ಣ ಪಂಪು.

ಈಗ ಅಮ್ಮ ಕಾರು ಓಡಿಸುವ ಹಾಗಿಲ್ಲ. ಕುಲುಕಾಟವಂತೂ ಕೂಡದೇ ಕೂಡದು. ಅವಳೇ ಒಂದು ದಿನ ಬೇಸರದಿಂದ ಆ ಕಾರನ್ನು ಮಾರಿಬಿಡಿ ಎಂದಿದ್ದಳು. ಮರುದಿನ ಫ್ರಿಜ್ಜಿನ ಮೇಲಿನ ಲಿಸ್ಟು ಮಾಯವಾಗಿತ್ತು. ಈಗ ನೋಡಿದರೆ ಅದು ಅಪ್ಪನ ಜೇಬಿನಲ್ಲಿದೆ. ಸ್ಪ್ರಿಂಗಿಗೆ ಒಂದು ಟಿಕ್, ಟೈರಿಗೆ ಒಂದು ಟಿಕ್, ತಗಡಿಗೆ ಒಂದು ಟಿಕ್.

ಅಂಗಡಿಗೂ ಮನೆಗೂ ಬಿಟ್ಟು ಬೇರೆಲ್ಲೂ ಕಾರು ಓಡಿಸದ ಅಪ್ಪ, ರಿವರ್ಸ್ ತೆಗೆಯುವಾಗ ಬೀದಿಯವರನ್ನೆಲ್ಲ ಸಹಾಯಕ್ಕೆ ಕರೆಯುವ ಅಪ್ಪ, ಯಾರಿಗಾಗಿ ಇದನ್ನೆಲ್ಲ ಹಾಕಿಸುತ್ತಿದ್ದಾನೆ? ಅಮ್ಮನನ್ನು ಮನೆಯಲ್ಲಿ ಬಿಟ್ಟು ತಾವಿಬ್ಬರೇ ಹೋಗುವುದೇ?

ಶಾಲೆಯಲ್ಲಿ ಅವಳ ಪಕ್ಕ ಕೂರುವವನು ಡಿಕ್ಷನರಿ. ಯಾವ ಪ್ರಶ್ನೆಗೂ ಅವನಲ್ಲಿ ಉತ್ತರ ಇರುತ್ತದೆ. ಉತ್ತರ ಸರಿಯಾಗಿರಬೇಕೆಂಬ ಹಟ ಅವನಿಗಿಲ್ಲ. ಸಾಸಿವೆ ಎಲ್ಲ ಹೇಳಿದ ಮೇಲೆ ಅವನು ಪೆನ್ಸಿಲ್ ಕಚ್ಚುತ್ತಾ ಯೋಚಿಸಿದ.

"ರಿಕವರಿ ಎರಡು ಥರ ಇರುತ್ತೆ. ಮುಂದಿಂದು, ಹಿಂದಿಂದು," ಎಂದ. "ಮುಂದೆ ಆದ್ರೆ ಬೇಗ ಆಗುತ್ತೆ. ಹಿಂದೆ ಲೇಟು."

"ಅದು ಗ್ಯಾರೇಜ್ ಅಕ್ಕನಿಗೆ ಹೆಂಗೆ ಗೊತ್ತು?"

ಗ್ಯಾರೇಜಿನವರಿಗೆ ಊರಿನ ಸುದ್ದಿಯೆಲ್ಲ ಗೊತ್ತಿರುತ್ತದೆ ಎಂದು ಹೇಳಿ ಡಿಕ್ಷನರಿ ಲೆಕ್ಕದ ಪುಸ್ತಕ ತೆರೆದ. ಸಾಸಿವೆಗೆ ಮೊದಲಿದ್ದ ಗೊಂದಲದ ಜೊತೆಗೆ ಇನ್ನೊಂದಿಷ್ಟು ಸೇರಿಕೊಂಡಿತು.

ಭಾನುವಾರ ಮಧ್ಯಾಹ್ನ ಅದಕ್ಕಿಂತ ವಿಚಿತ್ರವಾದದ್ದು ನಡೆಯಿತು. ಅಮ್ಮ ಔಷಧಿ ತಗೊಂಡು ನಿದ್ದೆ ಹೋಗಿದ್ದಳು. ನೀರು ಕುಡಿಯಲು ಎದ್ದ ಸಾಸಿವೆ ಬಾಗಿಲ ಸಂದಿಯಿಂದ ನೋಡಿದರೆ, ಅಪ್ಪ ಮಂಚದ ಪಕ್ಕ ಮಂಡಿಯೂರಿ ಕೂತು ಅಮ್ಮನನ್ನು ಅಳೆಯುತ್ತಿದ್ದ. ತಲೆಯಿಂದ ಕಾಲಿನವರೆಗೆ. ಆಮೇಲೆ ಭುಜದಿಂದ ಭುಜಕ್ಕೆ. ಅಳತೆಯನ್ನು ಅಂಗೈ ಮೇಲೆ ಬರೆದುಕೊಂಡ.

ಬಟ್ಟೆ ಹೊಲಿಯುವುದಕ್ಕೆ ಮಲಗಿದವರ ಅಳತೆ ಯಾರೂ ತೆಗೆಯುವುದಿಲ್ಲ. ಟೈಲರ್ ಮಗಳಾದ ಸಾಸಿವೆಗೆ ಅಷ್ಟಾದರೂ ಗೊತ್ತಿತ್ತು. ಅಪ್ಪ ಅವಳನ್ನು ಕಂಡು ತುಟಿಯ ಮೇಲೆ ಬೆರಳಿಟ್ಟ. "ಅಮ್ಮಂಗೆ ಹೇಳ್ಬೇಡ," ಎಂದು ಪಿಸುಗುಟ್ಟಿದ.

ಯಾಕೆ ಎಂದು ಇವಳೂ ಪಿಸುಗುಟ್ಟಿದಳು.

"ನೋಡೋಣ."

ಸಾಸಿವೆ ಎರಡು ದಿನ ಬಾಯಿ ಬಿಗಿಹಿಡಿದಳು. ಅವಳ ಮಟ್ಟಿಗೆ ಅದೊಂದು ದಾಖಲೆ. ಮಂಗಳವಾರ ಸಂಜೆ ಅಮ್ಮ ಗೋಡೆ ಹಿಡಿದು ನಡೆಯುವ ಅಭ್ಯಾಸ ಮಾಡುತ್ತಿದ್ದಾಗ ಇನ್ನು ತಡೆಯಲಾಗಲಿಲ್ಲ.

"ಅಮ್ಮ, ನಿಂಗೆ ಹಿಂದೆ ರಿಕವರಿ ಇಲ್ವಂತೆ. ಮುಂದೆ ಮಾತ್ರ ಇದೆಯಂತೆ. ಗ್ಯಾರೇಜ್ ಅಕ್ಕ ಹೇಳಿದ್ಲು. ವಾಪಸ್ ಬರೋಕಾಗಲ್ವಂತೆ," ಎಂದು ಒಂದೇ ಉಸಿರಿಗೆ ಹೇಳಿ ಅತ್ತುಬಿಟ್ಟಳು.

ಅಮ್ಮ ಅವಳ ಮುಖ ನೋಡಿದಳು. ಆಮೇಲೆ ನಗತೊಡಗಿದಳು. ಬೆನ್ನು ನೋಯುತ್ತದೆ, ನಗಿಸಬೇಡ ಎನ್ನುತ್ತಾ ಗೋಡೆಗೆ ಒರಗಿ ಮತ್ತೂ ನಕ್ಕಳು. ಮೂರು ತಿಂಗಳಲ್ಲಿ ಅವಳು ಹಾಗೆ ನಕ್ಕಿದ್ದು ಅದೇ ಮೊದಲು. ನಗು ನಿಂತ ಮೇಲೆ ಬಿಡಿಸಿ ಹೇಳಿದಳು. ಕೆಸರಿನಲ್ಲಿ ಸಿಕ್ಕಿಕೊಂಡ ಕಾರನ್ನು ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಎಳೆಯುತ್ತಾರೆ. ಹಗ್ಗ ಸಿಕ್ಕಿಸಲು ಕಾರಿಗೆ ಗಟ್ಟಿ ಹುಕ್ಕು ಬೇಕು. ಗ್ಯಾರೇಜಿನವರು ಅದನ್ನು ರಿಕವರಿ ಅನ್ನುತ್ತಾರೆ. ನಮ್ಮ ಕಾರಿಗೆ ಮುಂದುಗಡೆ ಆ ಹುಕ್ಕು ಇದೆ, ಹಿಂದುಗಡೆ ಇಲ್ಲ, ಅಷ್ಟೇ.

ಸಾಸಿವೆಗೆ ಹೋದ ಜೀವ ಬಂದಂತಾಯಿತು. ಆ ಖುಷಿಯಲ್ಲಿ ಹೇಳಬಾರದೆಂದಿದ್ದನ್ನೂ ಹೇಳಿಬಿಟ್ಟಳು. ನೀನು ಮಲಗಿದ್ದಾಗ ಅಪ್ಪ ನಿನ್ನ ಅಳತೆ ತಗೊಂಡ ಎಂದಳು.

ಅಮ್ಮನ ಮುಖದ ಮೇಲಿದ್ದ ನಗು ಮೆಲ್ಲಗೆ ಇಳಿದುಹೋಯಿತು. ಗ್ಯಾರೇಜು, ಮಲಗಿದವಳ ಅಳತೆ, ಎರಡನ್ನೂ ಸೇರಿಸಿ ನೋಡಿದಾಗ ಅವಳಿಗೆ ಏನೋ ಹೊಳೆಯಿತು. ಮೆಟ್ಟಿಲಿಳಿದು ಬೀದಿಗೆ ಹೋದಳು. ಒಂಬತ್ತು ಮೆಟ್ಟಿಲಿಗೆ ಐದು ನಿಮಿಷ ಬೇಕಾಯಿತು. ಅಪ್ಪ ಅಂಗಡಿಗೆ ನಡೆದು ಹೋಗಿದ್ದ, ಕಾರು ಮನೆ ಮುಂದೆಯೇ ನಿಂತಿತ್ತು. ಹಿಂದಿನ ಬಾಗಿಲು ತೆಗೆದು ನೋಡಿದರೆ, ಒಂದು ಪಕ್ಕದ ಸೀಟುಗಳೆಲ್ಲ ಹೋಗಿವೆ. ಅಲ್ಲಿ ಉದ್ದಕ್ಕೆ ಒಂದು ಹಲಗೆ, ಹಲಗೆಯ ಮೇಲೆ ಅಪ್ಪ ಹೊಲಿದ ದಪ್ಪ ಹಾಸಿಗೆ, ಅಂಚಿಗೆಲ್ಲ ಎರಡೆರಡು ಹೊಲಿಗೆ. ಅಮ್ಮನ ಅಳತೆಗೆ ಸರಿಯಾಗಿ ಇತ್ತು.

ಅಪ್ಪ ಅಂಗಡಿ ಮುಚ್ಚಿ ಬರುವವರೆಗೂ ಅಮ್ಮ ಅಲ್ಲೇ ನಿಂತಿದ್ದಳು. ಅವಳು ಖುಷಿಪಡುತ್ತಾಳೆ ಎಂದು ಸಾಸಿವೆ ಕಾಯುತ್ತಿದ್ದಳು.

"ನಾನೇನು ಸಾಮಾನಾ, ಹಿಂದೆ ಮಲಗಿಸ್ಕೊಂಡು ಹೋಗೋಕೆ?" ಎಂದಳು ಅಮ್ಮ.

ಅಪ್ಪ ಡಾಕ್ಟರ ಚೀಟಿ ತೆಗೆದು ತೋರಿಸಿದ. ಮಲಗಿಕೊಂಡು ಹೋಗಬಹುದು, ಆಗಾಗ ನಿಲ್ಲಿಸಬೇಕು, ದಾರಿ ಕೆಟ್ಟಿದ್ದರೆ ಇಳಿದು ನಡೆಯಬೇಕು, ನಡೆದಷ್ಟೂ ಒಳ್ಳೆಯದು ಎಂದು ಅದರಲ್ಲಿ ಬರೆದಿತ್ತು. ಅಮ್ಮ ಅದನ್ನು ಓದಿ ಮಡಚಿ ವಾಪಸ್ ಕೊಟ್ಟಳು. ನೀವಿಬ್ಬರೂ ಹೋಗಿ ಬನ್ನಿ, ನಾನು ಬರುವುದಿಲ್ಲ ಎಂದು ಹೇಳಿ ಮೆಟ್ಟಿಲು ಹತ್ತತೊಡಗಿದಳು.

ಇದು ಸಾಸಿವೆಯ ತಲೆಗೆ ಹೋಗಲೇ ಇಲ್ಲ. ಹಾಸಿಗೆ ಮೆತ್ತಗಿತ್ತು. ಹೊಲಿಗೆ ಚೆನ್ನಾಗಿತ್ತು. ಅಪ್ಪ ಅಮ್ಮನನ್ನು ಬಿಟ್ಟು ಹೋಗುವವನಲ್ಲ ಎಂದು ಈಗ ಗೊತ್ತಾಗಿತ್ತು. ಹಾಗಿದ್ದ ಮೇಲೆ ಅಮ್ಮನಿಗೆ ಯಾಕೆ ಕೋಪ? ಅಪ್ಪ ಯಾಕೆ ಟೇಪನ್ನು ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಾನೆ? ದೊಡ್ಡವರು ಒಬ್ಬರಿಗೊಬ್ಬರು ಒಳ್ಳೆಯದು ಮಾಡುವಾಗಲೂ ಜಗಳವಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಶುಕ್ರವಾರ ಹಿಂದಿನ ಹುಕ್ಕು ಹಾಕಿಸಲು ಮತ್ತೆ ಗ್ಯಾರೇಜಿಗೆ ಹೋದರು. ಗ್ಯಾರೇಜ್ ಅಕ್ಕ ನಟ್ಟು ಬಿಗಿಮಾಡಿ ಕೈ ಒರೆಸಿಕೊಳ್ಳುತ್ತಾ ಅಪ್ಪನಿಗೆ ಬುದ್ಧಿ ಹೇಳಿದಳು. ಕಲ್ಲಿನ ದಾರಿಯಲ್ಲಿ ಡ್ರೈವರ್‌ಗೆ ತನ್ನ ಚಕ್ರ ಕಾಣುವುದಿಲ್ಲ. ದಾರಿ ತಿಳಿದವರೊಬ್ಬರು ಇಳಿದು, ಮುಂದೆ ನಡೆಯುತ್ತಾ, ಕೈಸನ್ನೆ ಮಾಡಿ ಹೇಳಬೇಕು. "ಯಾರೂ ಇಲ್ಲಾಂದ್ರೆ ಇವಳನ್ನೇ ನಿಲ್ಲಿಸಿ," ಎಂದು ಸಾಸಿವೆಯ ಜಡೆ ಎಳೆದು ನಕ್ಕಳು.

ಅಪ್ಪನೂ ನಕ್ಕ. ಸಾಸಿವೆ ನಗಲಿಲ್ಲ. ಮನೆಗೆ ಹೋದವಳೇ ಅಮ್ಮನ ಮುಂದೆ ನಿಂತಳು.

"ಅಮ್ಮ, ನಾಳೆ ಕಾರಿನ ಮುಂದೆ ನಾನು ನಿಂತ್ಕೋಬೇಕಂತೆ. ಎಡಕ್ಕೆ ಅಂದ್ರೆ ಯಾವ ಕೈ? ಅಪ್ಪನ ಎಡನಾ, ನನ್ನ ಎಡನಾ?"

ಅಮ್ಮ ಓದುತ್ತಿದ್ದ ಪುಸ್ತಕ ಮುಚ್ಚಿದಳು. "ಕಾರಿನ ಮುಂದೆ? ನೀನು? ಓಡ್ಸೋದು ಯಾರು, ನಿಮ್ಮಪ್ಪನಾ?"

ಹೌದು ಎಂದು ಸಾಸಿವೆ ತಲೆಯಾಡಿಸಿದಳು. ಅಮ್ಮ ಗೋಡೆ ಹಿಡಿದು ಕಿಟಕಿಯವರೆಗೆ ಹೋಗಿ, ಕೆಳಗೆ ನಿಂತಿದ್ದ ಕಾರನ್ನು ನೋಡಿದಳು.

"ನನ್ನ ಬೂಟು ಮಂಚದ ಕೆಳಗಿದೆ. ಧೂಳು ಒರೆಸಿಡು," ಎಂದಳು.

ಮರುದಿನ ಅಮ್ಮ ಹಾಸಿಗೆಯ ಮೇಲೆ ಮಲಗಿಯೇ ಬಂದಳು. ಮಲಗಿದಲ್ಲಿಂದಲೇ ಗೇರು ಬದಲಿಸಿ, ಬ್ರೇಕು ಮೆಲ್ಲಗೆ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು. ರಸ್ತೆ ಮುಗಿದು ಮಣ್ಣುದಾರಿ ಬಂತು. ಮಣ್ಣುದಾರಿಯೂ ಮುಗಿದು, ದೊಡ್ಡ ದೊಡ್ಡ ಕಲ್ಲುಗಳ ಇಳಿಜಾರು ಬಂತು. ಕೆಳಗೆ ತೊರೆ ಕಾಣುತ್ತಿತ್ತು. ಅಪ್ಪ ಕಾರು ನಿಲ್ಲಿಸಿ ಬೆವರು ಒರೆಸಿಕೊಂಡ.

ಅಮ್ಮ ಇಳಿದಳು. ಸರ್ವೆಯ ಕೆಂಪು ಬಿಳಿ ಪಟ್ಟಿಯ ಕೋಲು ಊರಿಕೊಂಡು, ಕಲ್ಲು ನೋಡಿ ಹೆಜ್ಜೆಯಿಡುತ್ತಾ ಮುಂದಕ್ಕೆ ನಡೆದು, ಕಾರಿನ ಕಡೆಗೆ ತಿರುಗಿ ನಿಂತಳು. ಬೆರಳು ಆ ಕಡೆ ತೋರಿಸಿದರೆ ಅಪ್ಪ ಆ ಕಡೆ ಸ್ಟಿಯರಿಂಗ್ ತಿರುಗಿಸಿದ. ಈ ಕಡೆ ತೋರಿಸಿದರೆ ಈ ಕಡೆ. ಅಂಗೈ ಎತ್ತಿದರೆ ಬ್ರೇಕು. ಕಾರು ಒಂದೊಂದೇ ಕಲ್ಲು ಹತ್ತಿ ಇಳಿಯಿತು. ಎಲ್ಲೂ ಅಡಿ ಉಜ್ಜಲಿಲ್ಲ.

ಅರ್ಧ ದಾರಿಯಲ್ಲಿ ಅಮ್ಮ ಮತ್ತೆ ಅಂಗೈ ಎತ್ತಿದಳು. ಯಾವ ಕಲ್ಲು ಅಡ್ಡ ಬಂತೆಂದು ಸಾಸಿವೆ ಕಿಟಕಿಯಿಂದ ಬಗ್ಗಿ ನೋಡಿದಳು. ಕಲ್ಲೇನೂ ಇರಲಿಲ್ಲ. ಅಮ್ಮ ಸೊಂಟದ ಮೇಲೆ ಕೈಯಿಟ್ಟು, ಕೋಲಿನ ಮೇಲೆ ಭಾರ ಹಾಕಿ, ಕಣ್ಣು ಮುಚ್ಚಿ ನಿಂತಿದ್ದಳು.

ಅಪ್ಪ ಹ್ಯಾಂಡ್‌ಬ್ರೇಕ್ ಹಾಕಿ ಇಂಜಿನ್ ಆಫ್ ಮಾಡಿದ. ಹಾರ್ನ್ ಹೊಡೆಯಲಿಲ್ಲ, ಕೂಗಿ ಕರೆಯಲಿಲ್ಲ.

ಸಾಸಿವೆಯ ಬಾಯಲ್ಲಿ ಮೂರು ಪ್ರಶ್ನೆಗಳು ಬಂದು ನಿಂತವು. ನೋಯ್ತಾ ಇದೆಯಾ? ಇನ್ನೆಷ್ಟು ಹೊತ್ತು? ವಾಪಸ್ ಹೋಗೋಣವಾ? ಒಂದನ್ನೂ ಕೇಳದೆ ನೀರಿನ ಬಾಟಲಿ ತೆಗೆದುಕೊಂಡು ಇಳಿದಳು. ಅಮ್ಮ ನೀರು ಕುಡಿದು ಅವಳ ಹೆಗಲ ಮೇಲೆ ಕೈಯಿಟ್ಟಳು. ಕೈ ಭಾರವಾಗಿತ್ತು. ಸಾಸಿವೆ ಅಲ್ಲಾಡದೆ ನಿಂತು ಕಾರಿನ ಕಡೆ ನೋಡಿದಳು.

ಕಾರನ್ನು ಅವಳು ಎದುರಿನಿಂದ ಸರಿಯಾಗಿ ನೋಡಿದ್ದು ಆಗಲೇ. ಎತ್ತರದ ಸ್ಪ್ರಿಂಗು, ದಪ್ಪ ಹಲ್ಲಿನ ಟೈರು, ಹೊಸ ತಗಡು, ಅಷ್ಟರ ಮೇಲೆ ಗಾಜಿನ ಹಿಂದೆ ಅಪ್ಪನ ಪುಟ್ಟ ಮುಖ. ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡು, ಕಣ್ಣು ಮಿಟುಕಿಸದೆ ಅಮ್ಮನ ಕೈಯನ್ನೇ ನೋಡುತ್ತಿದ್ದ. ಲೆಕ್ಕದ ಪರೀಕ್ಷೆಯಲ್ಲಿ ಏನೂ ಹೊಳೆಯದೆ ಕೂತಾಗ ತನ್ನ ಮುಖವೂ ಹೀಗೇ ಇರಬೇಕು ಎಂದು ಸಾಸಿವೆಗೆ ಅನ್ನಿಸಿತು.

ಇಷ್ಟು ದಿನ ಈ ಮನೆಯಲ್ಲಿ ಏನೂ ಅರ್ಥವಾಗದಿರುವುದು ತನಗೊಬ್ಬಳಿಗೇ ಎಂದು ಅವಳು ತಿಳಿದಿದ್ದಳು. ಅಪ್ಪನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಇಷ್ಟೆಲ್ಲ ಮಾಡಿದ್ದ.

"ಈ ಕಡೆ ಚಕ್ರ ನಾನು ನೋಡ್ತೀನಿ. ಆ ಕಡೇದು ನೀನು ನೋಡ್ಕೋ," ಎಂದಳು ಅಮ್ಮ. "ನನ್ನ ಪಕ್ಕ ಬಿಟ್ಟು ಕದಲಬಾರದು."

ಸಾಸಿವೆ ಹೂಂ ಎಂದಳು. ಅಪ್ಪನ ಕಡೆ ನೋಡಿ ಒಮ್ಮೆ ನಕ್ಕು, ಬಾ ಎಂದು ಕೈ ಆಡಿಸಿದಳು.